ಥೈರಾಯ್ಡ್ ಮತ್ತು ಕೊಲೆಸ್ಟ್ರಾಲ್ ಮಾತ್ರೆಗಳು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಔಷಧಿ ಅಂಗಡಿಯೊಂದರಲ್ಲಿ ಚೀಟಿ ನೋಡಿ ಮಾತ್ರೆ ಕೊಡುವುದು ನನ್ನ ಕೆಲಸ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯಿಂದ ಬರುವವರು ಹಣ ಕೊಟ್ಟು ಹೊರಡುವ ಮುನ್ನ ತುಸು ತಡೆದು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಎರಡು ಬಗೆಯ ಮಾತ್ರೆಗಳನ್ನು ಕುರಿತೇ ಇರುತ್ತವೆ. ವೈದ್ಯರ ಎದುರು ಕೇಳಲು ಸಂಕೋಚವಾದದ್ದು ಅಂಗಡಿಯಲ್ಲಿ ಬಾಯಿಗೆ ಬರುತ್ತದೆ. ಡೋಸ್ ಏರಿಸುವುದು, ಇಳಿಸುವುದು, ನಿಲ್ಲಿಸುವುದು ನಿಮ್ಮನ್ನು ಪರೀಕ್ಷಿಸಿದ ವೈದ್ಯರಿಗೆ ಸೇರಿದ್ದು. ಅವರು ಬರೆದದ್ದನ್ನು ಅರ್ಥಮಾಡಿಕೊಂಡು ಸರಿಯಾಗಿ ಸೇವಿಸಲು ಬೇಕಾದಷ್ಟು ವಿವರ ಇಲ್ಲಿದೆ.

ಥೈರಾಯ್ಡ್‌ಗೂ ಕೊಲೆಸ್ಟ್ರಾಲ್‌ಗೂ ಏನು ಸಂಬಂಧ? ನನಗೆ ಎರಡೂ ಒಟ್ಟಿಗೆ ಕಾಣಿಸಿಕೊಂಡಿವೆ.

ಸಂಬಂಧ ಬಹಳ ಹತ್ತಿರದ್ದು. ರಕ್ತದಲ್ಲಿ ಓಡಾಡುವ, ಕೆಟ್ಟ ಕೊಲೆಸ್ಟ್ರಾಲ್ ಎಂದು ಕರೆಯುವ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿರುತ್ತವೆ. ಈ ಗ್ರಾಹಕಗಳ ಕೆಲಸವನ್ನು ಬಿಡಿಸಿ ತೋರಿಸಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅವು ಸಾಕಷ್ಟು ಸಂಖ್ಯೆಯಲ್ಲಿ ತಯಾರಾಗಲು ಥೈರಾಯ್ಡ್ ಹಾರ್ಮೋನಿನ ಪ್ರಚೋದನೆ ಬೇಕು. ಹಾರ್ಮೋನು ಕಡಿಮೆಯಾದರೆ ಗ್ರಾಹಕಗಳು ಕಡಿಮೆಯಾಗುತ್ತವೆ, ಎಲ್‌ಡಿಎಲ್ ರಕ್ತದಲ್ಲೇ ಉಳಿದು ಏರುತ್ತದೆ. ಆಗ ಮನೆಯಲ್ಲಿ ಎಣ್ಣೆ, ತುಪ್ಪ ಎಷ್ಟು ಬಿಟ್ಟರೂ ವರದಿಯ ಅಂಕಿ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಥೈರಾಯ್ಡ್ ಅತಿಯಾದವರಲ್ಲಿ ಕೊಲೆಸ್ಟ್ರಾಲ್ ಅಸಹಜವಾಗಿ ಕಡಿಮೆ ಇರುವುದುಂಟು; ಅದನ್ನು ನೋಡಿ ಒಳ್ಳೆಯದೇ ಆಯಿತೆಂದು ಸಂತೋಷಪಡುವವರನ್ನು ಕಂಡಿದ್ದೇನೆ.

ಹಾಗಾದರೆ ಮೊದಲು ಯಾವುದಕ್ಕೆ ಚಿಕಿತ್ಸೆ?

ಕೊಲೆಸ್ಟ್ರಾಲ್ ಹೆಚ್ಚಿದೆ ಎಂದು ಹೊಸದಾಗಿ ಗೊತ್ತಾದ ಪ್ರತಿಯೊಬ್ಬರೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರುಮಾಡುವ ಮುನ್ನ ಒಮ್ಮೆ ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಈ ಬರಹದಲ್ಲಿ ಒಂದೇ ಒಂದು ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದೇ ಆಗಲಿ. ಟಿಎಸ್‌ಎಚ್ ಎಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡೆಂದು ಹೇಳುವ ಹಾರ್ಮೋನು; ಗ್ರಂಥಿ ಸೋತಷ್ಟೂ ಅದು ಏರುತ್ತದೆ. ಅದು ಬಹಳ ಏರಿದ್ದರೆ, ಥೈರಾಯ್ಡ್ ಮಾತ್ರೆಯಿಂದ ಹಾರ್ಮೋನು ಸರಿದೂಗಿದ ಮೇಲೆ ಎರಡು ಮೂರು ತಿಂಗಳಲ್ಲಿ ಎಲ್‌ಡಿಎಲ್ ತಾನಾಗಿಯೇ ಗಣನೀಯವಾಗಿ ಇಳಿಯಬಹುದು. ಆಗ ಕೊಲೆಸ್ಟ್ರಾಲಿನ ರಕ್ತಪರೀಕ್ಷೆಯಾದ ಲಿಪಿಡ್ ಪ್ರೊಫೈಲ್ ಮತ್ತೊಮ್ಮೆ ಮಾಡಿಸಿ, ಉಳಿದದ್ದಕ್ಕೆ ಮಾತ್ರ ಔಷಧಿ ಬೇಕೇ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಇನ್ನೊಂದು ಕಾರಣವೂ ಇದೆ. ಥೈರಾಯ್ಡ್ ಕೊರತೆಯೇ ಸ್ನಾಯುಗಳನ್ನು ದುರ್ಬಲಗೊಳಿಸುತ್ತದೆ, ಆ ಕೊರತೆಯನ್ನು ಸರಿಪಡಿಸದೆ ಸ್ಟ್ಯಾಟಿನ್ ಕೊಟ್ಟರೆ ಸ್ನಾಯುಗಳಿಗೆ ತೊಂದರೆಯಾಗುವ ಸಂಭವ ಹೆಚ್ಚುತ್ತದೆ. ಆದರೆ ಈಗಾಗಲೇ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು, ಪಾರ್ಶ್ವವಾಯುವಿಗೆ ತುತ್ತಾದವರು ಥೈರಾಯ್ಡ್ ಸರಿಯಾಗಲಿ ಎಂದು ಕಾಯುವಂತಿಲ್ಲ. ಅವರಿಗೆ ಎರಡು ಚಿಕಿತ್ಸೆಗಳೂ ಜೊತೆಜೊತೆಗೆ ನಡೆಯಬೇಕಾಗುತ್ತದೆ.

ಥೈರಾಯ್ಡ್ ಸರಿಯಿರುವವರು ಕೊಲೆಸ್ಟ್ರಾಲ್ ಅಥವಾ ತೂಕ ಇಳಿಸಲು ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳಬಹುದೇ?

ಬೇಡವೇ ಬೇಡ. ಅಮೆರಿಕದಲ್ಲಿ ನಡೆದ ಕೊರೊನರಿ ಡ್ರಗ್ ಪ್ರಾಜೆಕ್ಟ್ ಎಂಬ ದೊಡ್ಡ ಅಧ್ಯಯನದಲ್ಲಿ, ಹೃದಯಾಘಾತವಾಗಿದ್ದವರಿಗೆ ಡೆಕ್ಸ್ಟ್ರೊಥೈರಾಕ್ಸಿನ್ ಎಂಬ ಥೈರಾಯ್ಡ್ ಸಂಬಂಧಿ ಔಷಧಿಯನ್ನು ಕೊಲೆಸ್ಟ್ರಾಲ್ ಇಳಿಸಲೆಂದೇ ಕೊಟ್ಟು ನೋಡಿದರು. ಕೊಲೆಸ್ಟ್ರಾಲ್ ಇಳಿಯಿತು, ಸಾವುಗಳು ಹೆಚ್ಚಿದವು. 1970ರ ದಶಕದ ಆರಂಭದಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಥೈರಾಯ್ಡ್ ಹಾರ್ಮೋನಿನಂತೆಯೇ ವರ್ತಿಸಿದರೂ ಹೃದಯವನ್ನು ಕೆಣಕದೆ ಯಕೃತ್ತಿನ ಮೇಲಷ್ಟೇ ಹೆಚ್ಚಾಗಿ ಕೆಲಸ ಮಾಡುವ ರೆಸ್ಮೆಟಿರೋಮ್ ಎಂಬ ಹೊಸ ಔಷಧಿಗೆ ಅಮೆರಿಕ 2024ರಲ್ಲಿ ಅನುಮತಿ ಕೊಟ್ಟಿದೆ ನಿಜ, ಆದರೆ ಅದು ಯಕೃತ್ತಿನ ಕೊಬ್ಬಿನ ಕಾಯಿಲೆಯ ಒಂದು ಹಂತಕ್ಕೆ ಕೊಟ್ಟ ಅನುಮತಿ. ನೆರೆಮನೆಯವರು ಸಣ್ಣಗಾದರೆಂದು ಅವರ ಬಾಟಲಿಯಿಂದ ಥೈರಾಕ್ಸಿನ್ ತೆಗೆದುಕೊಂಡರೆ ಎದೆಬಡಿತ ತಪ್ಪುವುದು, ಮೂಳೆ ಸವೆಯುವುದು ಇವೇ ಸಿಗುವ ಫಲ.

ಟಿಎಸ್‌ಎಚ್ ಎಷ್ಟು ಬಂದರೆ ಮಾತ್ರೆ ಬೇಕು?

ಹೆಚ್ಚಿನ ಪ್ರಯೋಗಾಲಯಗಳು ಸುಮಾರು 0.4ರಿಂದ 4.5ರವರೆಗಿನ ಟಿಎಸ್‌ಎಚ್ ಅನ್ನು ಸಹಜವೆಂದು ಮುದ್ರಿಸುತ್ತವೆ. 10ಕ್ಕಿಂತ ಮೇಲೆ ಹೋದಾಗ ಸಾಮಾನ್ಯವಾಗಿ ಚಿಕಿತ್ಸೆ ಕೊಡುತ್ತಾರೆ. ನಡುವೆ ನಿಂತ ಅಂಕಿಗಳೇ ಗೊಂದಲದವು. ಟಿಎಸ್‌ಎಚ್ 6 ಅಥವಾ 7 ಇದ್ದು, ಥೈರಾಯ್ಡ್ ಗ್ರಂಥಿ ತಯಾರಿಸುವ ಟಿ4 ಹಾರ್ಮೋನು ಸಹಜವಾಗಿದ್ದರೆ ಎರಡು ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿ ನೋಡುವುದು ವಾಡಿಕೆ, ಏಕೆಂದರೆ ಜ್ವರದಂಥ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಅದು ತಾತ್ಕಾಲಿಕವಾಗಿ ಏರಿರಬಹುದು. ವಯಸ್ಸಾದಂತೆ ಟಿಎಸ್‌ಎಚ್ ತುಸು ಏರುವುದೂ ಸಹಜವೇ. 65 ದಾಟಿದವರಲ್ಲಿ ಇಂಥ ಅಲ್ಪ ಏರಿಕೆಗೆ ಮಾತ್ರೆ ಕೊಟ್ಟರೆ ಸುಸ್ತಾಗಲಿ, ಇತರ ಲಕ್ಷಣಗಳಾಗಲಿ ಕಡಿಮೆಯಾಗುವುದಿಲ್ಲ ಎಂದು 2017ರಲ್ಲಿ ಪ್ರಕಟವಾದ ಯುರೋಪಿನ ದೊಡ್ಡ ಪ್ರಯೋಗವೊಂದು ತೋರಿಸಿದೆ. ಎಪ್ಪತ್ತೈದರ ಅಜ್ಜಿಗೆ ಟಿಎಸ್‌ಎಚ್ 6 ಬಂತೆಂದು ಮನೆಮಂದಿಯೆಲ್ಲ ಗಾಬರಿಯಾಗಬೇಕಿಲ್ಲ. ಗರ್ಭಿಣಿಯರ ಲೆಕ್ಕ ಬೇರೆ. ಅದು ಮುಂದೆ ಬರುತ್ತದೆ.

ನನಗೆ 25, ನನ್ನ ತಂಗಿಗೆ 100 ಕೊಟ್ಟಿದ್ದಾರೆ. ನನ್ನದು ಕಡಿಮೆ ಕಾಯಿಲೆ ಎಂದೇ?

ಹಾಗೇನೂ ಅಲ್ಲ. ಥೈರಾಯ್ಡ್ ಕೊರತೆಗೆ ಕೊಡುವ ಮಾತ್ರೆಯ ಹೆಸರು ಲೆವೊಥೈರಾಕ್ಸಿನ್, ಚಿಕ್ಕದಾಗಿ ಥೈರಾಕ್ಸಿನ್. ಅದರ ಮೇಲಿನ 25, 50, 75, 100 ಎಂಬ ಅಂಕಿಗಳು ಮೈಕ್ರೋಗ್ರಾಂನಲ್ಲಿವೆ. ಗ್ರಂಥಿ ಪೂರ್ತಿ ಕೈಕೊಟ್ಟಿದ್ದರೆ ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ ಬೇಕಾಗುತ್ತದೆ. 60 ಕಿಲೋ ತೂಗುವವರಿಗೆ ಅದು 100ರ ಆಸುಪಾಸಿಗೆ ಬರುತ್ತದೆ. ಗ್ರಂಥಿ ಇನ್ನೂ ಸ್ವಲ್ಪ ಕೆಲಸ ಮಾಡುತ್ತಿದ್ದರೆ ಕಡಿಮೆ ಸಾಕು. ವಯಸ್ಸಾದವರಿಗೆ, ಹೃದ್ರೋಗವಿದ್ದವರಿಗೆ 12.5 ಅಥವಾ 25ರಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ, ಏಕೆಂದರೆ ಹೃದಯಕ್ಕೆ ಒಮ್ಮೆಲೇ ಹೊರೆ ಬೀಳಬಾರದು. ಪ್ರತಿ ಬದಲಾವಣೆಯ ನಂತರ ಆರರಿಂದ ಎಂಟು ವಾರ ಕಾದು ರಕ್ತಪರೀಕ್ಷೆ ಮಾಡಿಸಬೇಕು. ಹದಿನೈದೇ ದಿನಕ್ಕೆ ಮಾಡಿಸಿ ಏನೂ ಇಳಿದಿಲ್ಲವೆಂದು ಬೇಸರಪಡುವುದು ದುಡ್ಡು ದಂಡ.

ಬೆಳಗ್ಗೆ ಎದ್ದ ಕೂಡಲೇ ಕಾಫಿ ಕುಡಿಯದೆ ಆಗುವುದಿಲ್ಲ. ಮಾತ್ರೆಯನ್ನು ಕಾಫಿಯ ಜೊತೆಗೇ ನುಂಗಿದರೆ ಏನಾಗುತ್ತದೆ?

ಈ ಪ್ರಶ್ನೆ ನಮ್ಮ ಸೀಮೆಯಲ್ಲಿ ಬಂದಷ್ಟು ಬೇರೆಲ್ಲೂ ಬರಲಾರದು. ಲೆವೊಥೈರಾಕ್ಸಿನ್ ಬಹಳ ಸಣ್ಣ ಪ್ರಮಾಣದ ಔಷಧಿ. ಅದು ಕರುಳಿನಲ್ಲಿ ಚೆನ್ನಾಗಿ ಹೀರಲ್ಪಡಬೇಕಾದರೆ ಹೊಟ್ಟೆ ಖಾಲಿಯಿರಬೇಕು, ನೀರು ಬಿಟ್ಟರೆ ಬೇರೇನೂ ಜೊತೆಗಿರಬಾರದು. ಕಾಫಿಯ ಜೊತೆಗೆ ನುಂಗಿದಾಗ ಔಷಧಿಯ ಹೀರುವಿಕೆ ಕುಗ್ಗುತ್ತದೆಂದು ಅಧ್ಯಯನಗಳು ತೋರಿಸಿವೆ, ಹಾಲಿನಲ್ಲಿರುವ ಕ್ಯಾಲ್ಸಿಯಂ ಸಹ ಅದನ್ನು ಕಟ್ಟಿಹಾಕುತ್ತದೆ. ಗಟ್ಟಿ ಡಿಕಾಕ್ಷನ್‌ಗೆ ಗಟ್ಟಿ ಹಾಲು ಬೆರೆಸಿದ ಲೋಟದಲ್ಲಿ ಎರಡು ಅಡ್ಡಿಗಳೂ ಒಟ್ಟಿಗೇ ಇರುತ್ತವೆ. ಜೀರಿಗೆ, ಕೊತ್ತಂಬರಿಯ ಕಷಾಯಕ್ಕೆ ಹಾಲು ಹಾಕಿ ಕುಡಿಯುವವರಿಗೂ ಇದೇ ಮಾತು.

ಆದುದರಿಂದ ಎದ್ದ ಕೂಡಲೇ ಒಂದು ಲೋಟ ನೀರಿನಲ್ಲಿ ಮಾತ್ರೆ ನುಂಗಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ ಮಾಡಬೇಕು. ಬಚ್ಚಲೊಲೆಗೆ ಬೆಂಕಿ ಹಾಕುವುದು, ಕೊಟ್ಟಿಗೆಯಲ್ಲಿ ಹಾಲು ಕರೆಯುವುದು, ಅಂಗಳ ಗುಡಿಸುವುದು ಇವುಗಳಲ್ಲಿ ಅರ್ಧ ಗಂಟೆ ಕಳೆಯುವುದು ಕಷ್ಟವಲ್ಲ; ಮಾತ್ರೆಯನ್ನು ಈ ಕೆಲಸಗಳಿಗೆ ಮುಂಚೆ ನುಂಗಿದರಾಯಿತು. ಡೋಸ್ 75ರಿಂದ 100ಕ್ಕೆ, 100ರಿಂದ 125ಕ್ಕೆ ಏರುತ್ತಾ ಹೋದರೂ ಟಿಎಸ್‌ಎಚ್ ಇಳಿಯದವರನ್ನು ವಿಚಾರಿಸಿದರೆ, ಮಾತ್ರೆಯ ಬೆನ್ನಿಗೇ ಕಾಫಿ ಹೋಗುತ್ತಿರುವುದು ಎಷ್ಟೋ ಸಲ ತಿಳಿಯುತ್ತದೆ. ಹೀಗೆ ಏರಿಸಿಕೊಂಡ ಡೋಸ್‌ನಲ್ಲಿರುವವರು ಒಂದು ದಿನ ಕ್ರಮ ಬದಲಿಸಿ ಸರಿಯಾಗಿ ನುಂಗತೊಡಗಿದರೆ ಔಷಧಿ ಅತಿಯಾಗುವ ಸಾಧ್ಯತೆಯೂ ಇದೆ, ಆದ್ದರಿಂದ ಕ್ರಮ ಬದಲಿಸಿದ್ದನ್ನು ವೈದ್ಯರಿಗೆ ತಿಳಿಸಿ ಆರು ವಾರದ ನಂತರ ಪರೀಕ್ಷೆ ಮಾಡಿಸಬೇಕು.

ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್ ಸಿರಪ್, ಸುಕ್ರಾಲ್ಫೇಟ್ ಇವುಗಳಿಗೂ ಥೈರಾಯ್ಡ್ ಮಾತ್ರೆಗೂ ನಾಲ್ಕು ಗಂಟೆಯ ಅಂತರವಿರಲಿ. ಗ್ಯಾಸ್ಟ್ರಿಕ್‌ಗೆ ಕೊಡುವ ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳುವವರಲ್ಲೂ ಥೈರಾಕ್ಸಿನ್ ಸರಿಯಾಗಿ ಹೀರಲ್ಪಡದೆ ಡೋಸ್ ಹೆಚ್ಚಿಸಬೇಕಾಗಬಹುದು.

ಬೆಳಗ್ಗೆ ಆಗದವರು ರಾತ್ರಿ ಮಲಗುವಾಗ ತೆಗೆದುಕೊಳ್ಳಬಹುದೇ?

ವೈದ್ಯರಿಗೆ ತಿಳಿಸಿ ತೆಗೆದುಕೊಳ್ಳಬಹುದು. ಕೊನೆಯ ಊಟವಾಗಿ ಮೂರು ಗಂಟೆಯಾದರೂ ಆಗಿರಬೇಕು, ದಿನವೂ ಅದೇ ಹೊತ್ತಾಗಿರಬೇಕು. ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹತ್ತಕ್ಕೆ ಉಂಡು ಹನ್ನೊಂದಕ್ಕೆ ಮಲಗುವ ಮನೆಗಳಲ್ಲಿ ಇದು ನಡೆಯದು.

ಒಂದು ದಿನ ಮರೆತರೆ?

ಲೆವೊಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಹಾಗಾಗಿ ಒಂದು ದಿನ ತಪ್ಪಿದರೆ ಗಾಬರಿಯಿಲ್ಲ. ಅದೇ ದಿನ ನೆನಪಾದರೆ ಹೊಟ್ಟೆ ಖಾಲಿಯಿರುವ ಹೊತ್ತು ನೋಡಿ ತೆಗೆದುಕೊಳ್ಳಿ. ಮರುದಿನ ನೆನಪಾದರೆ ಎಂದಿನ ಮಾತ್ರೆಯನ್ನು ಮುಂದುವರಿಸಿ. ಹೃದ್ರೋಗವಿದ್ದವರು ಎರಡೆರಡು ನುಂಗುವುದು ಬೇಡ. ಇದೇ ಗುಣದ ಇನ್ನೊಂದು ಮುಖವನ್ನೂ ತಿಳಿದಿರಬೇಕು: ಮಾತ್ರೆ ಬಿಟ್ಟ ಮೊದಲ ವಾರ ಏನೂ ಆಗದಿರುವುದರಿಂದ, ಇದಿಲ್ಲದೆಯೂ ಚೆನ್ನಾಗಿದ್ದೇನೆ ಎಂಬ ಭ್ರಮೆ ಹುಟ್ಟುತ್ತದೆ. ಸುಸ್ತು, ಮಲಬದ್ಧತೆ, ಮುಖ ಊದುವುದು, ಚಳಿ ತಡೆಯದಿರುವುದು ವಾರಗಳು ಕಳೆದ ಮೇಲೆ ನಿಧಾನವಾಗಿ ಮರಳುತ್ತವೆ.

ಮಳೆಗಾಲದಲ್ಲಿ ಮಾತ್ರೆಗಳು ಮೆತ್ತಗಾಗುತ್ತವೆ. ಫ್ರಿಜ್‌ನಲ್ಲಿ ಇಡಬೇಕೇ?

ಆಗುಂಬೆ, ಹುಲಿಕಲ್ಲಿನ ಕಡೆ ಜುಲೈ ತಿಂಗಳಲ್ಲಿ ಗೋಡೆಯೇ ಬೆವರುವಾಗ ಮಾತ್ರೆ ಮೆತ್ತಗಾಗುವುದರಲ್ಲಿ ಆಶ್ಚರ್ಯವಿಲ್ಲ. ಲೆವೊಥೈರಾಕ್ಸಿನ್ ತೇವ, ಬಿಸಿ, ಬೆಳಕು ಮೂರಕ್ಕೂ ಸೋಲುವ ಔಷಧಿ. ನೂರು ಮಾತ್ರೆಗಳ ಬಾಟಲಿ ತೆಗೆದುಕೊಳ್ಳುವವರು ಅದೇ ಬಾಟಲಿಯಲ್ಲೇ ಇಟ್ಟು, ಒಳಗಿರುವ ತೇವ ಹೀರುವ ಸಣ್ಣ ಪೊಟ್ಟಣವನ್ನು ಎಸೆಯದೆ, ಮುಚ್ಚಳವನ್ನು ಪ್ರತಿಸಲವೂ ಬಿಗಿಯಬೇಕು. ಒದ್ದೆ ಕೈಯಲ್ಲಿ ಹತ್ತು ಮಾತ್ರೆ ಸುರಿದುಕೊಂಡು ಒಂಬತ್ತನ್ನು ವಾಪಸು ಹಾಕುವುದು ಬಾಟಲಿಯನ್ನೇ ಕೆಡಿಸುತ್ತದೆ. ಒಲೆಯ ಮೇಲಿನ ಗೂಡು, ಬಚ್ಚಲಿನ ಕಿಟಕಿ ಎರಡೂ ಬೇಡ. ಮಲಗುವ ಕೋಣೆಯ ಕಪಾಟು ಮೇಲು. ಫ್ರಿಜ್‌ನಿಂದ ಹೊರತೆಗೆದಾಗ ಬಾಟಲಿಯ ಒಳಗೆ ನೀರು ಹನಿಗಟ್ಟುವುದರಿಂದ ಅದೂ ಒಳ್ಳೆಯದಲ್ಲ. ಬಣ್ಣ ಬದಲಾದ, ಮುಟ್ಟಿದರೆ ಪುಡಿಯಾಗುವ ಮಾತ್ರೆಗಳನ್ನು ಬಿಟ್ಟುಬಿಡಿ. ಜೂನ್ ಶುರುವಾಗುವ ಮೊದಲೇ ಎರಡು ತಿಂಗಳ ದಾಸ್ತಾನು ತೆಗೆದಿಟ್ಟುಕೊಳ್ಳಲು ಘಟ್ಟದ ಅಂಚಿನ ಊರುಗಳವರಿಗೆ ನಾನು ಹೇಳುವುದುಂಟು, ಏಕೆಂದರೆ ಮರ ಬಿದ್ದು ದಾರಿ ಕಟ್ಟಿದ ದಿನ ಬಸ್ಸೂ ಇರುವುದಿಲ್ಲ, ಮಾತ್ರೆಯೂ ಇರುವುದಿಲ್ಲ.

ಕಂಪನಿ ಬದಲಾಯಿಸಿದರೆ, ಅಥವಾ ಜನೌಷಧಿ ಕೇಂದ್ರದ ಮಾತ್ರೆ ತೆಗೆದುಕೊಂಡರೆ ಪರವಾಗಿಲ್ಲವೇ?

ಸ್ಟ್ಯಾಟಿನ್ ಮಾತ್ರೆಗಳ ವಿಷಯದಲ್ಲಿ ಯಾವ ಅಳುಕೂ ಬೇಡ. ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್ ಎರಡೂ ಜನೌಷಧಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಲೆವೊಥೈರಾಕ್ಸಿನ್ ಸಹ ಸಿಗುತ್ತದೆ, ಆದರೆ ಅದರ ಡೋಸ್ ಸೂಕ್ಷ್ಮವಾದದ್ದರಿಂದ ತಿಂಗಳಿಗೊಂದು ಕಂಪನಿಯದನ್ನು ತೆಗೆದುಕೊಳ್ಳದೆ ಒಂದಕ್ಕೇ ಅಂಟಿಕೊಳ್ಳುವುದು ಉತ್ತಮ. ಥೈರೊನಾರ್ಮ್, ಎಲ್ಟ್ರಾಕ್ಸಿನ್, ಥೈರಾಕ್ಸ್ ಹೀಗೆ ಹೆಸರು ಬೇರೆಯಾದರೂ ಒಳಗಿರುವ ಔಷಧಿ ಒಂದೇ. ಬದಲಾಯಿಸಬೇಕಾಗಿ ಬಂದರೆ ಆರು ವಾರದ ನಂತರ ಒಮ್ಮೆ ಟಿಎಸ್‌ಎಚ್ ನೋಡಿಸಿ. ಲೆವೊಥೈರಾಕ್ಸಿನ್, ಥೈರಾಯ್ಡ್ ಹೆಚ್ಚಾದವರಿಗೆ ಕೊಡುವ ಕಾರ್ಬಿಮಜೋಲ್, ಅಟೊರ್ವಾಸ್ಟ್ಯಾಟಿನ್ ಮೂರೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ, ಆದ್ದರಿಂದ ಅವುಗಳ ಬೆಲೆಗೆ ಸರ್ಕಾರದ ಮಿತಿ ಇದೆ.

ಮಗಳು ಗರ್ಭಿಣಿ. ಥೈರಾಯ್ಡ್ ಮಾತ್ರೆ ಮಗುವಿಗೆ ತೊಂದರೆಯಾಗುತ್ತದೆಂದು ನಿಲ್ಲಿಸಿದ್ದೇವೆ. ಸರಿಯೇ?

ಸರಿಯಲ್ಲ, ಇಂದೇ ವೈದ್ಯರನ್ನು ಕಾಣಿರಿ. ಲೆವೊಥೈರಾಕ್ಸಿನ್ ದೇಹ ತಾನೇ ತಯಾರಿಸುವ ಹಾರ್ಮೋನಿನ ಪ್ರತಿರೂಪ. ಮೊದಲ ಮೂರು ತಿಂಗಳು ಮಗುವಿನ ಥೈರಾಯ್ಡ್ ಗ್ರಂಥಿ ಕೆಲಸ ಶುರುಮಾಡಿರುವುದಿಲ್ಲ, ಅದರ ಮಿದುಳಿನ ಬೆಳವಣಿಗೆಗೆ ತಾಯಿಯ ಹಾರ್ಮೋನೇ ಆಧಾರ. ಗರ್ಭ ನಿಂತ ಮೇಲೆ ಡೋಸ್ ನಿಲ್ಲಿಸುವುದಿರಲಿ, ಸಾಮಾನ್ಯವಾಗಿ ಶೇಕಡಾ 25ರಿಂದ 30ರಷ್ಟು ಹೆಚ್ಚಿಸಬೇಕಾಗುತ್ತದೆ, ಟಿಎಸ್‌ಎಚ್ 2.5ಕ್ಕಿಂತ ಕೆಳಗಿರುವಂತೆ ನೋಡಿಕೊಳ್ಳುತ್ತಾರೆ, ಗರ್ಭಾವಸ್ಥೆಯ ಅರ್ಧದವರೆಗೆ ನಾಲ್ಕು ವಾರಕ್ಕೊಮ್ಮೆ ಪರೀಕ್ಷಿಸುತ್ತಾರೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆಗಳನ್ನು ಮಧ್ಯಾಹ್ನ ಮತ್ತು ರಾತ್ರಿಯ ಊಟಕ್ಕೆ ಸರಿಸಿ. ಮೂರನ್ನೂ ಬೆಳಗ್ಗೆ ಒಂದೇ ಗುಟುಕಿಗೆ ನುಂಗುವುದು ನಾನು ಹೆಚ್ಚಾಗಿ ಕಾಣುವ ತಪ್ಪು.

ಸ್ಟ್ಯಾಟಿನ್ ಮಾತ್ರ ಇದಕ್ಕೆ ವಿರುದ್ಧ. ಗರ್ಭ ಧರಿಸಲು ಯೋಚಿಸುತ್ತಿರುವವರು, ಗರ್ಭಿಣಿಯರು, ಹಾಲೂಡಿಸುವವರು ಅದನ್ನು ಸಾಮಾನ್ಯವಾಗಿ ನಿಲ್ಲಿಸಬೇಕಾಗುತ್ತದೆ.

ಕಳಲೆ, ಎಲೆಕೋಸು ತಿನ್ನಬಾರದಂತೆ, ಹೌದೇ? ಅಯೋಡಿನ್ ಉಪ್ಪು ಹೆಚ್ಚು ತಿಂದರೆ ವಾಸಿಯಾಗುತ್ತದೆಯೇ?

ಎಲೆಕೋಸು, ಹೂಕೋಸುಗಳನ್ನು ಬೇಯಿಸಿ ವಾರಕ್ಕೊಂದೆರಡು ಸಲ ತಿನ್ನುವುದರಿಂದ ಏನೂ ಆಗದು. ಕಳಲೆಯ ವಿಷಯ ತುಸು ಗಂಭೀರ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದ್ದು, ದೇಹದಲ್ಲಿ ಅದು ಥಯೋಸಯನೇಟ್ ಆಗಿ ಮಾರ್ಪಟ್ಟು ಗ್ರಂಥಿ ಅಯೋಡಿನ್ ಹೀರುವುದಕ್ಕೆ ಅಡ್ಡಿಯಾಗುತ್ತದೆ. ಹೆಚ್ಚಿದ ಕಳಲೆಯನ್ನು ಮೂರು ದಿನ ನೆನೆಸಿ, ದಿನವೂ ನೀರು ಚೆಲ್ಲಿ ಹೊಸ ನೀರು ಹಾಕಿ, ಆಮೇಲೆ ಬೇಯಿಸುವ ಮಲೆನಾಡಿನ ಕ್ರಮ ಈ ಅಂಶವನ್ನು ಬಹುಮಟ್ಟಿಗೆ ತೆಗೆದುಹಾಕುತ್ತದೆ. ಹಾಗೆ ಮಾಡಿದ ಪಲ್ಯವನ್ನು ಆಷಾಢದಲ್ಲಿ ನಾಲ್ಕು ಸಲ ಉಂಡರೆ ಚಿಂತೆಯಿಲ್ಲ. ಅವಸರದಲ್ಲಿ ಒಂದೇ ರಾತ್ರಿ ನೆನೆಸಿ ಮಾಡಿದ್ದನ್ನು, ಅದೂ ದಿನವೂ, ತಿನ್ನುವುದು ಬೇಡ.

ಅಯೋಡಿನ್ ವಿಚಾರದಲ್ಲಿ ಎರಡು ಕಾಯಿಲೆಗಳನ್ನು ಬೆರೆಸಬಾರದು. ಮಳೆ ಹೆಚ್ಚಿರುವ ಗುಡ್ಡಗಾಡಿನ ಮಣ್ಣಿನಿಂದ ಅಯೋಡಿನ್ ಕೊಚ್ಚಿಹೋಗುತ್ತದೆ, ಹಿಂದೆ ಗಳಗಂಡ ಇಂಥ ಪ್ರದೇಶಗಳ ಕಾಯಿಲೆಯಾಗಿತ್ತು. ಅದನ್ನು ತಡೆಯಲೆಂದೇ ಭಾರತ ಸರ್ಕಾರ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಇಂದು ಥೈರಾಯ್ಡ್ ಕೊರತೆಗೆ ಸಾಮಾನ್ಯ ಕಾರಣ ಹಶಿಮೊಟೊ ಎಂಬ, ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಕಾಯಿಲೆ. ಅದಕ್ಕೆ ಹೆಚ್ಚು ಉಪ್ಪು ಮದ್ದಲ್ಲ; ರಕ್ತದೊತ್ತಡ ಏರುವುದಷ್ಟೇ ಲಾಭ. ಮನೆಗೆ ತರುವುದು ಅಯೋಡಿನ್‌ಯುಕ್ತ ಉಪ್ಪಾಗಿರಲಿ, ಕಲ್ಲುಪ್ಪು ಕೊಳ್ಳುವವರು ಪೊಟ್ಟಣದ ಮೇಲೆ ಹಾಗೆ ಬರೆದಿದೆಯೇ ನೋಡಿ, ಮಳೆಗಾಲದಲ್ಲಿ ನೀರೊಡೆಯುವ ತೆರೆದ ಮರಿಗೆಯ ಬದಲು ಮುಚ್ಚಳವಿರುವ ಭರಣಿಯಲ್ಲಿಡಿ.

ನನ್ನ ಥೈರಾಯ್ಡ್ ಹೆಚ್ಚಾಗಿದೆ. ಕಾರ್ಬಿಮಜೋಲ್ ಕೊಟ್ಟಿದ್ದಾರೆ. ಜ್ವರ ಬಂದರೆ ನಿಲ್ಲಿಸಿ ಎಂದಿದ್ದಾರೆ. ಏಕೆ?

ಕಾರ್ಬಿಮಜೋಲ್ ದೇಹದಲ್ಲಿ ಮೆಥಿಮಜೋಲ್ ಆಗಿ ಬದಲಾಗಿ ಹಾರ್ಮೋನು ತಯಾರಿಕೆಯನ್ನು ತಡೆಯುತ್ತದೆ. ಗ್ರಂಥಿಯಲ್ಲಿ ಮೊದಲೇ ಸಂಗ್ರಹವಾಗಿರುವ ಹಾರ್ಮೋನು ಖಾಲಿಯಾಗಬೇಕಾದ್ದರಿಂದ ಗುಣ ಕಾಣಲು ಕೆಲವು ವಾರ ಬೇಕು. ಅಲ್ಲಿಯವರೆಗೆ ಎದೆಬಡಿತ, ಕೈ ನಡುಕಕ್ಕೆ ಪ್ರೊಪ್ರನೊಲಾಲ್ ಕೊಡುತ್ತಾರೆ. ಆಸ್ತಮಾ ಇದ್ದವರು ಅದನ್ನು ತಪ್ಪದೆ ವೈದ್ಯರಿಗೆ ಹೇಳಬೇಕು, ಪ್ರೊಪ್ರನೊಲಾಲ್ ಉಸಿರಾಟವನ್ನು ಬಿಗಿಸಬಹುದು.

ಜ್ವರದ ಮಾತಿಗೆ ಬರೋಣ. ಈ ಔಷಧಿ ಸಾವಿರಕ್ಕೆ ಕೆಲವೇ ಮಂದಿಯಲ್ಲಿ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ರಕ್ತದ ಬಿಳಿಕಣಗಳನ್ನು ತೀರಾ ಕುಗ್ಗಿಸುತ್ತದೆ. ಆಗ ಜ್ವರ, ಗಂಟಲು ನೋವು, ಬಾಯಿಹುಣ್ಣು ಕಾಣಿಸಿಕೊಳ್ಳುತ್ತವೆ, ಸೋಂಕು ಪ್ರಾಣಕ್ಕೇ ಎರವಾಗಬಹುದು. ನಮ್ಮಲ್ಲಿ ತೊಡಕಾಗುವುದು ಇಲ್ಲೇ. 1957ರಲ್ಲಿ ನಮ್ಮ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಚಳಿಗಾಲದಿಂದ ಬೇಸಿಗೆಯವರೆಗೆ ಕಾಡುತ್ತದೆ, ಮಳೆಗಾಲದಲ್ಲಿ ಡೆಂಗ್ಯೂ, ಇಲಿಜ್ವರ ಇವೆ, ಇವುಗಳಲ್ಲಿ ಕೆಲವು ತಾವೇ ಬಿಳಿಕಣಗಳನ್ನು ಇಳಿಸುತ್ತವೆ. ಹಾಗಾಗಿ ಊರಲ್ಲೆಲ್ಲ ಜ್ವರವಿದೆ, ಇದೂ ಅದೇ ಇರಬೇಕೆಂದು ಪ್ಯಾರಸಿಟಮಾಲ್ ನುಂಗಿ ಮಲಗುವ ಸ್ವಾತಂತ್ರ್ಯ ಕಾರ್ಬಿಮಜೋಲ್ ತೆಗೆದುಕೊಳ್ಳುವವರಿಗಿಲ್ಲ. ಮಾತ್ರೆ ನಿಲ್ಲಿಸಿ, ಅಂದೇ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೋ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೋ ಬಿಳಿಕಣಗಳ ಎಣಿಕೆ ಮಾಡಿಸಿ. ನೋಡುವ ವೈದ್ಯರಿಗೆ ಔಷಧಿಯ ಹೆಸರನ್ನು ಬಾಯಿಬಿಟ್ಟು ಹೇಳಿ, ಖಾಲಿ ಸ್ಟ್ರಿಪ್ ಜೇಬಿನಲ್ಲಿದ್ದರೆ ಇನ್ನೂ ಒಳ್ಳೆಯದು. ಕಣ್ಣು ಹಳದಿಯಾದರೂ ಇದೇ ಕ್ರಮ.

ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯನ್ನು ಅತಿಯಾಗಿ ಕೆರಳಿಸುವ ಗ್ರೇವ್ಸ್ ಕಾಯಿಲೆಯಲ್ಲಿ ಈ ಮಾತ್ರೆಯನ್ನು ಹನ್ನೆರಡರಿಂದ ಹದಿನೆಂಟು ತಿಂಗಳು ಕೊಟ್ಟು ನಿಲ್ಲಿಸಿ ನೋಡುತ್ತಾರೆ. ಸುಮಾರು ಅರ್ಧದಷ್ಟು ಮಂದಿಗೆ ಮತ್ತೆ ಮರುಕಳಿಸುತ್ತದೆ. ಅಂಥವರಿಗೆ ವಿಕಿರಣ ಅಯೋಡಿನ್ ಅಥವಾ ಶಸ್ತ್ರಚಿಕಿತ್ಸೆಯ ದಾರಿಯಿದೆ. ಗರ್ಭ ಧರಿಸುವ ಯೋಚನೆಯಿದ್ದರೆ ಮೊದಲೇ ತಿಳಿಸಬೇಕು, ಏಕೆಂದರೆ ಮೊದಲ ಮೂರು ತಿಂಗಳಿಗೆ ಪ್ರೊಪೈಲ್‌ಥಯೋಯುರಾಸಿಲ್ ಎಂಬ ಬೇರೆ ಮಾತ್ರೆಯನ್ನು ಆರಿಸಿಕೊಳ್ಳುತ್ತಾರೆ.

ಸ್ಟ್ಯಾಟಿನ್ ಯಾರಿಗೆ ಬೇಕು? ಎಲ್‌ಡಿಎಲ್ ಎಷ್ಟಿರಬೇಕು?

ವರದಿಯಲ್ಲಿ ಅಚ್ಚಾದ ಸಹಜ ಮಿತಿಯನ್ನು ಎಲ್ಲರಿಗೂ ಅನ್ವಯಿಸುವಂತಿಲ್ಲ. ಕಾರ್ಡಿಯಾಲಾಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಜನರಲ್ಲಿ ಎಲ್‌ಡಿಎಲ್ 100 ಮಿಲಿಗ್ರಾಂಗಿಂತ ಕಡಿಮೆ, ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡದಂಥ ಅಪಾಯ ಹೆಚ್ಚಿರುವವರಲ್ಲಿ 70ಕ್ಕಿಂತ ಕಡಿಮೆ, ಹೃದಯಾಘಾತ, ಪಾರ್ಶ್ವವಾಯು ಆದವರಲ್ಲಿ 55ಕ್ಕಿಂತ ಕಡಿಮೆ ಇರಬೇಕು. ಎಲ್‌ಡಿಎಲ್ 90 ಬಂದ ಸ್ಟೆಂಟ್ ರೋಗಿಗೆ ವರದಿ ಸಹಜವೆಂದು ಹೇಳಿದರೂ ವೈದ್ಯರು ಡೋಸ್ ಏರಿಸುವುದು ಇದಕ್ಕೇ. ಇಪ್ಪತ್ತು ಮೂವತ್ತರ ವಯಸ್ಸಿನಲ್ಲೇ 190 ದಾಟಿದ್ದು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹೃದಯಾಘಾತಗಳಿದ್ದರೆ ಅದು ವಂಶವಾಹಿಯಾಗಿ ಬರುವ ಕಾಯಿಲೆಯಿರಬಹುದು. ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಅಟೊರ್ವಾಸ್ಟ್ಯಾಟಿನ್, ರೊಸುವಾಸ್ಟ್ಯಾಟಿನ್‌ಗಳನ್ನು ದಿನದ ಯಾವ ಹೊತ್ತಿನಲ್ಲಾದರೂ ತೆಗೆದುಕೊಳ್ಳಬಹುದು, ಸಿಮ್ವಾಸ್ಟ್ಯಾಟಿನ್ ಮಾತ್ರ ರಾತ್ರಿಗೆ. ಬೆಳಗ್ಗೆ ಥೈರಾಯ್ಡ್ ಮಾತ್ರೆ ಇರುವವರು ಸ್ಟ್ಯಾಟಿನ್ ಅನ್ನು ರಾತ್ರಿ ಊಟದ ನಂತರಕ್ಕೆ ಇಟ್ಟುಕೊಂಡರೆ ಗೊಂದಲವಿರದು. ಕೊಲೆಸ್ಟ್ರಾಲ್‌ಗೆ ಕೊಡುವ ಕೊಲೆಸ್ಟೈರಮೈನ್ ಪುಡಿ ಇದ್ದರೆ ಎಚ್ಚರ, ಅದು ಕರುಳಿನಲ್ಲಿ ಥೈರಾಕ್ಸಿನ್ ಅನ್ನೇ ಹಿಡಿದಿಡುತ್ತದೆ. ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆಯಾದರೂ ಅಂತರ ಬೇಕು.

ಸ್ಟ್ಯಾಟಿನ್ ಶುರುವಾದ ಮೇಲೆ ಕಾಲು ನೋವು. ಲಿವರ್ ಹಾಳಾಗುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ ಎಂದೂ ಹೇಳುತ್ತಾರೆ.

ತೋಟದಲ್ಲಿ ಗೊಬ್ಬರ ಹೊತ್ತ ಮರುದಿನದ ಬೆನ್ನುನೋವಿಗೆ ಸ್ಟ್ಯಾಟಿನ್ ಅನ್ನು ದೂರಬೇಕಿಲ್ಲ. ಔಷಧಿಯಿಂದಾದ ನೋವು ಸಾಮಾನ್ಯವಾಗಿ ಎರಡೂ ತೊಡೆಗಳಲ್ಲಿ, ಎರಡೂ ತೋಳುಗಳಲ್ಲಿ ಸಮನಾಗಿ, ಮಾತ್ರೆ ಶುರುವಾದ ಅಥವಾ ಡೋಸ್ ಏರಿದ ಕೆಲವು ವಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅಂಥ ನೋವಿದ್ದರೆ ಸ್ನಾಯುಗಳಿಗೆ ಹಾನಿಯಾಗಿದೆಯೇ ಎಂದು ತೋರಿಸುವ ಸಿಪಿಕೆ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಅದರ ಜೊತೆಗೆ ಟಿಎಸ್‌ಎಚ್ ಕೂಡ ನೋಡಿ ಎಂದು ನೀವೇ ಕೇಳಿ, ಏಕೆಂದರೆ ಗುರುತಿಸದ ಥೈರಾಯ್ಡ್ ಕೊರತೆ ಹೀಗೆಯೇ ಬಯಲಾಗುವುದುಂಟು. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿ ಮೈಯೆಲ್ಲ ನೋಯುತ್ತಿದ್ದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇದು ಬಹಳ ಅಪರೂಪ.

ಯಕೃತ್ತಿನ ಕಿಣ್ವಗಳು ಕೆಲವರಲ್ಲಿ ತುಸು ಏರುತ್ತವೆ, ಸಹಜ ಮಿತಿಯ ಮೂರು ಪಟ್ಟು ದಾಟಿದರೆ ಮಾತ್ರ ಔಷಧಿಯ ಬಗ್ಗೆ ಮರುಯೋಚನೆ. ಸಕ್ಕರೆಯ ವಿಷಯ ಸುಳ್ಳಲ್ಲ: ಈಗಾಗಲೇ ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರಲ್ಲಿ ಸ್ಟ್ಯಾಟಿನ್ ಅದನ್ನು ಸ್ವಲ್ಪ ಮುಂಚಿತವಾಗಿ ತೋರಿಸಬಹುದು. ಆದರೆ ಅಪಾಯ ಹೆಚ್ಚಿರುವವರಲ್ಲಿ ಅದು ತಪ್ಪಿಸುವ ಹೃದಯಾಘಾತಗಳ ಲಾಭ ಇದಕ್ಕಿಂತ ಬಹಳ ದೊಡ್ಡದು.

ಮಳೆಗಾಲದ ಹುಳುಕಡ್ಡಿಗೆ ಮಾತ್ರೆ ಕೊಟ್ಟಿದ್ದಾರೆ. ಕೊಲೆಸ್ಟ್ರಾಲ್ ಮಾತ್ರೆಯ ಜೊತೆ ಆಗುತ್ತದೆಯೇ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಒದ್ದೆ ಬಟ್ಟೆಯಲ್ಲಿ ಕೆಲಸ ಮಾಡುವವರಿಗೆ ತೊಡೆಸಂದಿಯಲ್ಲಿ ಬರುವ ಹುಳುಕಡ್ಡಿಗೆ ಇಟ್ರಾಕೊನಜೋಲ್ ಅನ್ನು ವಾರಗಟ್ಟಲೆ ಬರೆಯುತ್ತಾರೆ. ಅದು ಸಿಮ್ವಾಸ್ಟ್ಯಾಟಿನ್, ಅಟೊರ್ವಾಸ್ಟ್ಯಾಟಿನ್‌ಗಳನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ತಡೆದು, ರಕ್ತದಲ್ಲಿ ಸ್ಟ್ಯಾಟಿನ್ ಮಟ್ಟವನ್ನು ಹಲವು ಪಟ್ಟು ಏರಿಸುತ್ತದೆ. ಕ್ಲಾರಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್‌ನದೂ ಇದೇ ಗುಣ. ಸಿಮ್ವಾಸ್ಟ್ಯಾಟಿನ್ ಜೊತೆ ಇವು ಕೂಡದು. ಅಟೊರ್ವಾಸ್ಟ್ಯಾಟಿನ್ ಇದ್ದರೆ ವೈದ್ಯರು ಡೋಸ್ ಇಳಿಸುತ್ತಾರೆ, ಇಲ್ಲವೇ ಆ ವಾರಗಳಿಗೆ ಬೇರೆ ದಾರಿ ನೋಡುತ್ತಾರೆ. ಚರ್ಮದ ವೈದ್ಯರಿಗೆ ಹೃದಯದ ಚೀಟಿಯನ್ನೂ ತೋರಿಸಿ ಎನ್ನುವುದು ಇದಕ್ಕಾಗಿ. ಹಿತ್ತಲ ಚಕ್ಕೋತದಲ್ಲೂ ಇದೇ ಕಿಣ್ವವನ್ನು ತಡೆಯುವ ಅಂಶವಿದೆ. ಎರಡು ತೊಳೆ ತಿಂದರೆ ಏನಾಗದು, ದಿನವೂ ಇಡೀ ಹಣ್ಣು ಬೇಡ. ರೊಸುವಾಸ್ಟ್ಯಾಟಿನ್ ಈ ಕಿಣ್ವವನ್ನು ಅಷ್ಟಾಗಿ ಅವಲಂಬಿಸಿಲ್ಲ.

ಸ್ಟ್ಯಾಟಿನ್ ಸಾಲದಿದ್ದರೆ?

ಡೋಸ್ ಇಮ್ಮಡಿಸಿದರೂ ಎಲ್‌ಡಿಎಲ್ ಹೆಚ್ಚುವರಿಯಾಗಿ ಶೇಕಡಾ 6ರಷ್ಟೇ ಇಳಿಯುತ್ತದೆ, ಆದ್ದರಿಂದ ಎಜೆಟಿಮೈಬ್ ಎಂಬ ಬೇರೆ ಬಗೆಯ ಮಾತ್ರೆಯನ್ನು 10 ಮಿಲಿಗ್ರಾಂ ಸೇರಿಸುವುದು ಜಾಣತನ. ಅದು ಇನ್ನೂ ಸುಮಾರು ಶೇಕಡಾ 20ರಷ್ಟು ಇಳಿಸುತ್ತದೆ. ಬೆಂಪೆಡೊಯಿಕ್ ಆಸಿಡ್ ಎಂಬ ಮಾತ್ರೆಯೂ ಇದೆ. ಇಂಜೆಕ್ಷನ್‌ಗಳೂ ಬಂದಿವೆ, ಅವುಗಳಲ್ಲಿ ಇಂಕ್ಲಿಸಿರಾನ್ ಅನ್ನು ಆರಂಭದ ಎರಡು ಡೋಸ್‌ಗಳ ನಂತರ ಆರು ತಿಂಗಳಿಗೊಮ್ಮೆ ಕೊಟ್ಟರೆ ಸಾಕು, ಆದರೆ ಬೆಲೆ ಇನ್ನೂ ಹೆಚ್ಚಿನವರ ಕೈಗೆಟುಕದು. ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 500 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಭಯವಿರುವುದರಿಂದ ಫೆನೊಫೈಬ್ರೇಟ್ ಕೊಡುತ್ತಾರೆ. ಮದ್ಯ ಬಿಡದೆ, ಸಿಹಿ ಮತ್ತು ಅನ್ನ ಕಡಿಮೆ ಮಾಡದೆ ಅದೊಂದರಿಂದಲೇ ಪ್ರಯೋಜನವಿಲ್ಲ. ಟ್ರೈಗ್ಲಿಸರೈಡ್ ಏರಲು ಕೂಡ ಥೈರಾಯ್ಡ್ ಕೊರತೆ ಒಂದು ಕಾರಣ.

ವರದಿ ನಾರ್ಮಲ್ ಬಂದಿದೆ. ಇನ್ನು ನಿಲ್ಲಿಸಬಹುದೇ? ನಾಟಿ ಔಷಧಿಗೆ ಬದಲಾಗಬಹುದೇ?

ಮಾತ್ರೆಯಿಂದ ನಾರ್ಮಲ್ ಬಂದದ್ದು ಮಾತ್ರೆ ಬಿಟ್ಟರೆ ಉಳಿಯುವುದಿಲ್ಲ. ಸ್ಟ್ಯಾಟಿನ್ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿನ ಜಾಗಕ್ಕೆ ಬರುತ್ತದೆ. ಹೆರಿಗೆಯ ನಂತರ ಬರುವ ತಾತ್ಕಾಲಿಕ ಥೈರಾಯ್ಡ್ ಉರಿಯೂತದಂಥ ಕೆಲವು ಸಂದರ್ಭಗಳಲ್ಲಿ ಥೈರಾಕ್ಸಿನ್ ನಿಲ್ಲಿಸಿ ನೋಡುವುದುಂಟು, ಆದರೆ ಅದು ವೈದ್ಯರೇ ದಿನ ಗೊತ್ತುಮಾಡಿ ಮಾಡುವ ಕೆಲಸ. ನಾಟಿ ಮದ್ದಿನ ಬಗ್ಗೆ ನನಗೆ ಅಸಡ್ಡೆಯಿಲ್ಲ, ಆದರೆ ಕೊಲೆಸ್ಟ್ರಾಲ್‌ಗೆ ಹೆಸರಾದ ಗುಗ್ಗುಳದ ಸಾರವನ್ನು ಅಮೆರಿಕದಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದಾಗ ಎಲ್‌ಡಿಎಲ್ ಇಳಿಯುವ ಬದಲು ತುಸು ಏರಿದ್ದು ಕಂಡುಬಂತು. ಪುಡಿ, ಲೇಹ್ಯ ಏನು ತೆಗೆದುಕೊಂಡರೂ ಚೀಟಿಯ ಮಾತ್ರೆಯನ್ನು ಬಿಡದೆ, ವೈದ್ಯರಿಂದ ಮುಚ್ಚಿಡದೆ ತೆಗೆದುಕೊಳ್ಳಿ.

ರಕ್ತಪರೀಕ್ಷೆಯ ದಿನ ಮಾತ್ರೆ ನುಂಗಬೇಕೇ? ಉಪವಾಸವಿರಬೇಕೇ?

ಟಿಎಸ್‌ಎಚ್ ಒಂದೇ ಆದರೆ ಮಾತ್ರೆ ನುಂಗಿದರೂ ವ್ಯತ್ಯಾಸವಾಗದು. ಫ್ರೀ ಟಿ4 ಸಹ ಮಾಡಿಸುವುದಿದ್ದರೆ ರಕ್ತ ಕೊಟ್ಟ ಮೇಲೆ ನುಂಗಿ, ಇಲ್ಲವಾದರೆ ಅದು ಕೆಲವು ಗಂಟೆಗಳ ಕಾಲ ಏರಿದಂತೆ ತೋರುತ್ತದೆ. ಕೂದಲು ಉದುರುವುದಕ್ಕೆಂದು ಬಯೋಟಿನ್ ಎಂಬ ವಿಟಮಿನ್ ತೆಗೆದುಕೊಳ್ಳುವವರು ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಅದು ಪರೀಕ್ಷಾ ವಿಧಾನವನ್ನೇ ದಾರಿತಪ್ಪಿಸಿ, ಇಲ್ಲದ ಥೈರಾಯ್ಡ್ ಕಾಯಿಲೆಯನ್ನು ವರದಿಯಲ್ಲಿ ತೋರಿಸಬಲ್ಲದು. ಲಿಪಿಡ್ ಪ್ರೊಫೈಲ್‌ಗೆ ಉಪವಾಸ ಈಗ ಕಡ್ಡಾಯವಲ್ಲ, ಟ್ರೈಗ್ಲಿಸರೈಡ್ ಬಹಳ ಹೆಚ್ಚಿದ್ದವರಿಗೆ ಮಾತ್ರ ಬೇಕು. ಹೊಸನಗರದ ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟು, ಹನ್ನೊಂದು ಗಂಟೆಯವರೆಗೆ ಹಸಿದುಕೊಂಡು ಲ್ಯಾಬ್ ಎದುರು ಕೂರುವ ಸಕ್ಕರೆ ಕಾಯಿಲೆಯ ಹಿರಿಯರು, ಉಪವಾಸ ನಿಜವಾಗಿಯೂ ಬೇಕೇ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಲಿ.